ಗಾಳದ ಡಬ್ಬಿ

ಕಳೆದ ಬೇಸಿಗೆ ರಜೆಯಲ್ಲಿ ತಂಗಿಯ ಮಗ ಮಂಗಳೂರಿನಿಂದ ಕೊಪ್ಪದ ನಮ್ಮ ಮನೆಗೆ ಬಂದಿದ್ದ. ಬಂದವನೇ, "ಮಾಮ, ಈ ಸಲ ಎನ್.ಆರ್. ಪುರದ ಹಿನ್ನೀರಿಗೆ ಗಾಳ ಹಾಕಲು ಹೋಗಲೇಬೇಕು" ಎಂದು ಹಠ ಹಿಡಿದ. ಅವನ ಚೀಲದಲ್ಲಿ ಹೊಸ ಕೋಲು, ರೀಲು, ಬಣ್ಣ ಬಣ್ಣದ ಪ್ಲಾಸ್ಟಿಕ್ ಮೀನುಗಳು ಇದ್ದವು. ನಾನು ಅಟ್ಟದಿಂದ ಬಾಪನ ತುಕ್ಕು ಹಿಡಿದ ಬಿಸ್ಕತ್ತು ಡಬ್ಬಿಯನ್ನು ಇಳಿಸಿದೆ. ಬಾಪ ತೀರಿಕೊಂಡ ಮೇಲೆ ಅದನ್ನು ತೆರೆದದ್ದು ಅದೇ ಮೊದಲು.

ಒಳಗೆ ಸೀಸದ ಗುಂಡುಗಳು, ನೈಲಾನ್ ದಾರದ ಉಂಡೆ, ಬೆಂಡಿನ ತುಂಡುಗಳು, ಒಂದು ಇಕ್ಕಳ, ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಗಾಳಗಳು. ಗಾಳದ ನಂಬರು ಹೆಚ್ಚಾದಷ್ಟೂ ಗಾಳ ಚಿಕ್ಕದು. ಡಬ್ಬಿಯಲ್ಲಿ ಸಣ್ಣ ಗಾಳ ಒಂದೂ ಇರಲಿಲ್ಲ. ಅದು ಮರೆವಿನಿಂದ ಆದದ್ದಲ್ಲ. "ಮರಿಯ ಬಾಯಿಗೆ ಹೊಗುವ ಗಾಳ ನಮ್ಮ ಮನೆಗೆ ಬೇಡ" ಎಂದು ಬಾಪ ಹೇಳುತ್ತಿದ್ದರು. ಗಾಳದ ತುದಿಯಲ್ಲಿರುವ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡುತ್ತಿದ್ದರು. ಹಾಗೆ ಮಾಡಿದರೆ ಕೆಲವು ಮೀನು ತಪ್ಪಿಸಿಕೊಳ್ಳುತ್ತವೆ, ನಿಜ. ಆದರೆ ಬಿಟ್ಟುಬಿಡಬೇಕಾದ ಮೀನನ್ನು ಬಾಯಿ ಹರಿಯದೆ ಬಿಡಬಹುದು.

ರಾತ್ರಿ ಊಟದ ನಂತರ ಜಗಲಿಯಲ್ಲಿ ಕುಳಿತು ಇಬ್ಬರೂ ಸಿದ್ಧತೆ ಮಾಡಿದೆವು. ದಾರವನ್ನು ಗಾಳಕ್ಕೆ ಕಟ್ಟಿ ಗಂಟು ಬಿಗಿಯುವ ಮೊದಲು ಎಂಜಲಿನಿಂದ ಒದ್ದೆ ಮಾಡಬೇಕು. ಒಣ ದಾರವನ್ನು ಎಳೆದರೆ ಉಜ್ಜಿದ ಬಿಸಿಗೆ ನೈಲಾನ್ ದುರ್ಬಲವಾಗಿ, ದೊಡ್ಡ ಮೀನು ಕಚ್ಚಿದಾಗ ಗಂಟಿನಲ್ಲೇ ತುಂಡಾಗುತ್ತದೆ. ಬಚ್ಚಲ ನೀರು ಹರಿಯುವ ಬಾಳೆಬುಡದಲ್ಲಿ ಎರೆಹುಳ ಅಗೆದು, ಒದ್ದೆ ಮಣ್ಣಿನೊಂದಿಗೆ ತೆಂಗಿನ ಚಿಪ್ಪಿನಲ್ಲಿಟ್ಟೆವು. ಕಾಟ್ಲಾ, ರೋಹುಗಳಿಗೆಂದು ಗೋಧಿ ಹಿಟ್ಟಿಗೆ ಕಡಲೆಕಾಯಿ ಹಿಂಡಿ ಬೆರೆಸಿ ಉಂಡೆ ಮಾಡಿದೆವು. ಹಿಟ್ಟು ತೆಳುವಾದರೆ ನೀರಿನಲ್ಲಿ ಕರಗುತ್ತದೆ, ಗಟ್ಟಿಯಾದರೆ ಮೀನು ಉಗುಳುತ್ತದೆ. ಬಾಪನ ಬಿದಿರಿನ ಕೋಲು ಒಲೆಯ ಹೊಗೆ ಕುಡಿದು ಕಪ್ಪಾಗಿತ್ತು. ಅದಕ್ಕೇ ಇಷ್ಟು ವರ್ಷವಾದರೂ ಹುಳು ಹಿಡಿದಿರಲಿಲ್ಲ.

"ಇಷ್ಟೆಲ್ಲ ಕಷ್ಟ ಯಾಕೆ ಮಾಮ? ಮಳೆಗಾಲದಲ್ಲಿ ಬಂದು ಕೂಣಿ ಇಟ್ಟರೆ ಬುಟ್ಟಿಗಟ್ಟಲೆ ಸಿಗುತ್ತದಂತಲ್ಲ" ಎಂದ ಹುಡುಗ.

ನನ್ನ ಕೈ ನಿಂತಿತು. ಅದೇ ಪ್ರಶ್ನೆಗೆ ನಾನು ಹದಿನೈದನೇ ವಯಸ್ಸಿನಲ್ಲಿ ಉತ್ತರ ಪಡೆದಿದ್ದೆ.

ಮಲೆನಾಡಿನವರಿಗೆ ಹತ್ತುಮೀನಿನ ಬಗ್ಗೆ ಹೇಳಬೇಕಾಗಿಲ್ಲ. ಜೂನ್ ಎರಡನೇ ವಾರ ಮೃಗಶಿರ ಮಳೆ ಹಿಡಿದು ಕೆನ್ನೀರು ಹರಿಯತೊಡಗಿದರೆ, ಹೊಳೆಯ ಮೀನುಗಳು ಹಳ್ಳ ಹತ್ತಿ, ಹಳ್ಳದಿಂದ ಗದ್ದೆಗೆ ಏರುತ್ತವೆ. ಮೊಟ್ಟೆಯಿಡಲು ಅವಕ್ಕೆ ತಿಳಿನೀರಿನ, ಸೆಳವಿಲ್ಲದ ಜಾಗ ಬೇಕು. ಗದ್ದೆಯ ಕಂಡಿಗೆ ಬಿದಿರಿನ ಕೂಣಿ ಒಡ್ಡಿದರೆ ಒಳಗೆ ಹೊಕ್ಕ ಮೀನು ಹೊರಬರಲಾರದು. ಅಂಥ ಒಂದು ರಾತ್ರಿ ಗೆಳೆಯರೊಂದಿಗೆ ಹೋಗಿ ಹಳ್ಳಕ್ಕೆ ಅಡ್ಡಲಾಗಿ ಕಲ್ಲು ಕಟ್ಟಿ, ಇದ್ದ ಒಂದೇ ದಾರಿಗೆ ಕೂಣಿಯಿಟ್ಟೆ. ಬೆಳಗಾಗುವಾಗ ಒಂದು ಬಕೆಟ್ ಮೀನು! ಮೆರವಣಿಗೆಯಲ್ಲಿ ಬಂದವನಂತೆ ಮನೆಗೆ ಬಂದೆ.

ಉಮ್ಮ ಕೊಯ್ಯಲು ಕುಳಿತರು. ಕೊಯ್ದದ್ದರಲ್ಲೆಲ್ಲ ಮೊಟ್ಟೆ. ಬಾಪ ನೋಡುತ್ತ ನಿಂತಿದ್ದರು. ಬೈಯಲಿಲ್ಲ. "ಇವು ನಿನ್ನ ಹತ್ತಿರ ಬಂದದ್ದಲ್ಲ ಮಗನೇ, ಹೆರಿಗೆಗೆ ಹೊರಟಿದ್ದವು" ಎಂದರು. ಆ ದಿನ ಅವರು ಮೀನು ಮುಟ್ಟಲಿಲ್ಲ. ನೆರೆಮನೆಯ ಗೌಡರೂ ಕೂಣಿ ಇಡುತ್ತಿದ್ದರು. ಆದರೆ ಒಂದು ಕಂಡಿಗೆ ಇಟ್ಟರೆ ಇನ್ನೊಂದನ್ನು ಮೀನಿಗೇ ಬಿಡುತ್ತಿದ್ದರು. ನಾನು ಇಡೀ ದಾರಿಯನ್ನೇ ಮುಚ್ಚಿದ್ದೆ.

ಸಂಜೆ ಬಾಪ ನನಗೆ ಕುರ್‌ಆನಿನಲ್ಲಿ ಬರುವ ಕಡಲತೀರದ ಊರಿನ ಕಥೆ ಹೇಳಿದರು. ಆ ಜನರಿಗೆ ಶನಿವಾರ ಮೀನು ಹಿಡಿಯಬಾರದೆಂಬ ಆಜ್ಞೆಯಿತ್ತು. ಮೀನುಗಳು ಅದೇ ದಿನ ನೀರಿನ ಮೇಲೆ ಕಾಣಿಸಿಕೊಳ್ಳುತ್ತಿದ್ದವು, ಉಳಿದ ದಿನ ಬರುತ್ತಿರಲಿಲ್ಲ. ಅವರು ಮುಂಚೆಯೇ ಬಲೆ ಒಡ್ಡಿಟ್ಟು ಮಾರನೆಯ ದಿನ ಬಾಚಿಕೊಂಡರೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಮೀನಿಗೆ ದಿಬ್ಹ್ ಬೇಕಿಲ್ಲ, ಸತ್ತ ಮೀನೂ ಹಲಾಲ್. "ಹಲಾಲ್ ಎಂದ ಮಾತ್ರಕ್ಕೆ ಮಿತಿ ಇಲ್ಲವೆಂದಲ್ಲ. ಸುಲಭವಾಗಿ ಸಿಗುವಾಗಲೇ ಮನುಷ್ಯನ ಪರೀಕ್ಷೆ" ಎಂದರು ಬಾಪ.

ಮುಂದಿನ ವಾರ ಅಡಿಕೆ ವ್ಯಾಪಾರದ ಕೆಲಸಕ್ಕೆ ಶೃಂಗೇರಿಗೆ ಹೋದಾಗ ನನ್ನನ್ನೂ ಕರೆದೊಯ್ದರು. ತುಂಗೆಯ ಮೆಟ್ಟಿಲ ಬಳಿ ತೋಳುದ್ದದ ಮೀನುಗಳು ಮಂಡಕ್ಕಿಗೆ ಬಾಯಿ ತೆರೆದು ಮುತ್ತುತ್ತಿದ್ದವು. ಅಲ್ಲಿ ಯಾರೂ ಗಾಳ ಹಾಕುವುದಿಲ್ಲ. ಬಾಪನೂ ಒಂದು ಪೊಟ್ಟಣ ಮಂಡಕ್ಕಿ ಕೊಂಡು ನನ್ನ ಕೈಗಿತ್ತರು. ಅಲ್ಲೇ ದಡದಲ್ಲಿ ಕಪ್ಪೆ ಶಂಕರನ ನೆಲೆ. ಬಿಸಿಲಲ್ಲಿ ಹೆರಿಗೆಯ ನೋವು ತಿನ್ನುತ್ತಿದ್ದ ಕಪ್ಪೆಗೆ ಹಾವೊಂದು ಹೆಡೆಯೆತ್ತಿ ನೆರಳು ಮಾಡಿದ್ದನ್ನು ಶಂಕರಾಚಾರ್ಯರು ಕಂಡರೆಂಬ ಐತಿಹ್ಯ ಅದು. ಬಾಪ ಅದನ್ನೂ ಹೇಳಿದರು. ಎರಡು ಧರ್ಮದ ಎರಡು ಕಥೆಗಳನ್ನು ಹೋಲಿಸಲು ಅವರು ಹೋಗಲಿಲ್ಲ. ನನಗೆ ಮಾತ್ರ ನನ್ನ ಬಕೆಟ್ ನೆನಪಾಯಿತು.

ಇದನ್ನೆಲ್ಲ ಹೇಳಿ ಮುಗಿಸಿದಾಗ ಹುಡುಗ, "ಹಾಗಾದರೆ ಈಗಲೂ ಹತ್ತುಮೀನು ಬರುತ್ತದಾ?" ಎಂದು ಕೇಳಿದ. ಆ ಹಳ್ಳದಲ್ಲಿ ಈಗ ಅಷ್ಟು ಬರುವುದಿಲ್ಲ. ಗದ್ದೆ ಅಡಿಕೆ ತೋಟವಾಯಿತು. ತೋಟೆ ಸಿಡಿಸುವವರು, ಬ್ಲೀಚಿಂಗ್ ಪುಡಿ ಸುರಿಯುವವರು, ಕರೆಂಟು ಬಿಡುವವರು ಬಂದರು. ಮರಿ, ಮೊಟ್ಟೆ, ಏಡಿ, ಕಪ್ಪೆ ಎಲ್ಲವೂ ಒಮ್ಮೆಗೇ ಸಾಯುತ್ತವೆ. ಇದಕ್ಕೆ ಕಾನೂನಿನ ತಡೆಯಿದೆ. ಆದರೆ ನಡುರಾತ್ರಿಯ ಹಳ್ಳದಲ್ಲಿ ಕಾವಲು ಕಾಯುವುದು ಮನಸ್ಸೇ ಹೊರತು ಇಲಾಖೆಯಲ್ಲ. ಅವರನ್ನು ದೂರುವಾಗ ನಾನು ಕಟ್ಟಿದ ಕಲ್ಲಿನ ಅಡ್ಡಗಟ್ಟೆಯೂ ಕಣ್ಣಮುಂದೆ ಬರುತ್ತದೆ.

ಮಾರನೆಯ ದಿನ ಫಜ್ರ್ ನಮಾಝ್ ಮುಗಿಸಿ ಹೊರಟೆವು. ಲಕ್ಕವಳ್ಳಿಯ ಬಳಿ ಭದ್ರೆಗೆ ಅಣೆಕಟ್ಟು ಕಟ್ಟಿದ ಮೇಲೆ ಎನ್.ಆರ್. ಪುರದ ಸುತ್ತಲಿನ ಎಷ್ಟೋ ಗದ್ದೆ, ಮನೆಗಳು ಮುಳುಗಿ ಈ ಹಿನ್ನೀರು ಆಯಿತು. ಇಲ್ಲಿ ಮೀನು ಹಿಡಿಯಲು ಪರವಾನಗಿ ಬೇಕು. ಅದನ್ನು ಮೊದಲೇ ಮಾಡಿಸಿಕೊಂಡಿದ್ದೆ. ಅಭಯಾರಣ್ಯದ ಕಡೆಗೆ ಹೋಗದೆ ಈಚೆ ದಡದಲ್ಲೇ ಕುಳಿತೆವು. ಬೇಸಿಗೆಗೆ ನೀರು ಇಳಿದು ಕೆಂಪು ಮಣ್ಣು, ಹಳೆಯ ಮರದ ಬೊಡ್ಡೆಗಳು ಕಾಣುತ್ತಿದ್ದವು.

ಹುಡುಗನ ಪ್ಲಾಸ್ಟಿಕ್ ಮೀನು ಎರಡು ಸಲ ಬೊಡ್ಡೆಗೆ ಸಿಕ್ಕಿಕೊಂಡು ತುಂಡಾಯಿತು. ಕೊನೆಗೆ ಬಾಪನ ಕೋಲನ್ನೇ ಹಿಡಿದ. ಹತ್ತು ಗಂಟೆಯ ಹೊತ್ತಿಗೆ ಬೆಂಡು ಮುಳುಗಿತು. ಎಳೆದರೆ ಗೇಣುದ್ದದ ಕಾಟ್ಲಾ ಮರಿ. ಅವನು ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ. ಕೈ ಒದ್ದೆ ಮಾಡಿಕೊಂಡು ಗಾಳ ಬಿಡಿಸಿದ. ಹಿಮ್ಮುಳ್ಳಿಲ್ಲದ ಗಾಳ, ಸುಲಭವಾಗಿ ಬಂತು. ಮರಿ ನೀರಿಗೆ ಹೋಯಿತು.

ಮಧ್ಯಾಹ್ನದವರೆಗೆ ಬೇರೇನೂ ಕಚ್ಚಲಿಲ್ಲ. ಮನೆಯಲ್ಲಿ ಮಸಾಲೆ ಅರೆದಿಟ್ಟು ಕಾಯುತ್ತಿದ್ದರು. ದಾರಿಯಲ್ಲಿ ಮಂಗಳೂರಿನಿಂದ ಬಂದ ಬಂಗುಡೆ ಕೊಂಡೆವು. ಹುಡುಗ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ. "ಇದು ನನಗಿರಲಿ ಮಾಮ" ಎಂದ. ಕೊಟ್ಟೆ.