ಹೆಜ್ಜಾರ್ಲೆಯ ಓಟ

ಮಾರ್ಗಶಿರದ ಬೆಳಗಿನಲ್ಲಿ ಕುಕ್ಕರಹಳ್ಳಿ ಕೆರೆಯ ಏರಿಗೆ ಬರುವವರೆಲ್ಲ ಮೊದಲು ಮಂಜನ್ನು ಉಸಿರಾಡುತ್ತಾರೆ, ಆಮೇಲೆ ಗಾಳಿಯನ್ನು. ಮಫ್ಲರ್ ಸುತ್ತಿಕೊಂಡ ಹಿರಿಯರು ಮೆಲ್ಲಗೆ ಮಾತಾಡುತ್ತಾ ಸಾಗುತ್ತಾರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ, ಕುವೆಂಪು ಅವರು ನಡೆದಾಡುತ್ತಿದ್ದ ದಾರಿ. ಮೈಸೂರಿನ ನಮಗೆಲ್ಲ ಇದು ವಾಕಿಂಗಿನ ಜಾಗ. ನನ್ನ 41ನೆಯ ವಯಸ್ಸಿನಲ್ಲಿ ನಾನಿಲ್ಲಿ ಓಡಲು ಬಂದೆ.

ಬರಿಸಿದವಳು ಮಗಳು. ಶಾಲೆಯ ಓಟದಲ್ಲಿ ಕೊನೆಯವಳಾಗಿ ಬಂದ ಸಂಜೆ ದಿಂಬಿಗೆ ಮುಖ ಒತ್ತಿ, "ಇನ್ಮೇಲೆ ನಾನು ಓಡಲ್ಲ" ಅಂದಳು. "ಗೆಲ್ಲೋದು ಮುಖ್ಯ ಅಲ್ಲ ಪುಟ್ಟಿ, ಓಡ್ತಾ ಇರ್ಬೇಕು" ಅಂದೆ. ಅವಳು ತಲೆಯೆತ್ತಿ ಕೇಳಿದಳು: "ನೀನು ಯಾವತ್ತಾದ್ರೂ ಓಡಿದ್ದೀಯಾ ಅಮ್ಮ?"

ಓಡಿರಲಿಲ್ಲ. ಮೈದಾನದ ಅಂಚಿನಲ್ಲಿ ಮಕ್ಕಳ ಚೀಲ, ನೀರಿನ ಬಾಟಲು ಹಿಡಿದು "ಓಡು, ಓಡು" ಎಂದು ಕೂಗುವ ತಾಯಂದಿರಲ್ಲಿ ನಾನೂ ಒಬ್ಬಳಾಗಿದ್ದೆ. ಬೆವರಿನ ಪಾಠವನ್ನು ಬೆವರದೆ ಹೇಳುವುದು ಸರಿಯಲ್ಲ ಎಂದು ಆ ರಾತ್ರಿ ಅನ್ನಿಸಿತು.

ಒಂದು ನಿಮಿಷ ಓಟ, ಒಂದೂವರೆ ನಿಮಿಷ ನಡಿಗೆ, ಮತ್ತೆ ಓಟ. ಹೊಸಬರಿಗೆ ಹೇಳಿಕೊಡುವ ಕ್ರಮ ಅದು. ಕೆಲವೇ ವಾರಗಳಲ್ಲಿ ಏದುಸಿರು ಹದಕ್ಕೆ ಬಂತು. ನಾನು ಆತುರಪಟ್ಟೆ. ಉಸಿರು ಪಳಗಿದಷ್ಟು ಬೇಗ ಮೂಳೆ, ಸ್ನಾಯುರಜ್ಜುಗಳು ಪಳಗುವುದಿಲ್ಲ, ಅವಕ್ಕೆ ತಿಂಗಳುಗಳೇ ಬೇಕು. ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ ನೋವು ಹಿಡಿದು ಹತ್ತು ದಿನ ಮನೆಯಲ್ಲಿ ಕೂತೆ. ಚಿಕ್ಕವನಾದ ಮಗ ಕರವಸ್ತ್ರದಲ್ಲಿ ಐಸ್ ಕಟ್ಟಿಕೊಂಡು ಬಂದು ಕಾಲಿಗೆ ಹಿಡಿಯುತ್ತಿದ್ದ. ಮಗಳು ದೂರದಿಂದ ನೋಡುತ್ತಿದ್ದಳು. ಹನ್ನೊಂದನೆಯ ದಿನ ಕತ್ತಲಲ್ಲಿ ಶೂ ಕಟ್ಟುವಾಗ ಕಣ್ಣುಜ್ಜುತ್ತಾ ಬಂದು, "ನೋವು ಬಂದಿತ್ತಲ್ಲ, ಮತ್ಯಾಕೆ?" ಎಂದಳು. "ಇವತ್ತು ಮೆಲ್ಲಗೆ ಹೋಗ್ತೀನಿ" ಅಂದೆ. ಅಷ್ಟೇ ಮಾತು.

ಓಡಿ ಬಂದ ಮೇಲಿನ ಗಳಿಗೆಯ ಸುಖವನ್ನು ಹೇಗೆ ಹೇಳಲಿ? ಬೆನ್ನ ಬೆವರು ಚಳಿಗಾಳಿಗೆ ಆರುತ್ತಿರುತ್ತದೆ. ಹಿತ್ತಲ ಮೆಟ್ಟಿಲ ಮೇಲೆ ಕೂತು ಮಜ್ಜಿಗೆ ಬೆರೆಸಿದ ರಾಗಿ ಅಂಬಲಿಯನ್ನು ಗುಟುಕು ಗುಟುಕಾಗಿ ಕುಡಿದರೆ, ಉಪ್ಪು ಮೊದಲು ನಾಲಿಗೆಗೆ, ಆಮೇಲೆ ಮೈಗೆಲ್ಲ ಹತ್ತುತ್ತದೆ. ಮಕ್ಕಳು ಆಚೀಚೆ ಕೂತು, "ಎಷ್ಟು ದೂರ?" ಎಂದು ಕೇಳುತ್ತಾರೆ. ನಾನು ನಿಂತ ಜಾಗಗಳನ್ನೂ ಬಿಡದೆ ಹೇಳುತ್ತೇನೆ. ಅದನ್ನು ಮುಚ್ಚಿಟ್ಟರೆ ಈ ಓಟದಿಂದ ಅವರಿಗೆ ಸಿಗುವುದೇನೂ ಇಲ್ಲ.

ಮಾಘದ ಒಂದು ಭಾನುವಾರ ಮಗಳು ನನಗಿಂತ ಮೊದಲೇ ಶೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಏರಿಯ ಮೇಲಿಂದ ಕೆರೆಯಲ್ಲಿದ್ದ ಒಂದು ಹೆಜ್ಜಾರ್ಲೆಯನ್ನು ತೋರಿಸಿದೆ. ಅಷ್ಟು ಭಾರದ ಹಕ್ಕಿ ನೀರಿನಿಂದ ಹಾಗೆಯೇ ಮೇಲೇಳಲಾರದು. ಎರಡೂ ಪಾದಗಳಿಂದ ನೀರನ್ನು ಬಡಿಯುತ್ತಾ ಒಂದಿಷ್ಟು ದೂರ ಓಡಬೇಕು. ಅದು ಓಡಿತು, ನೀರು ಸಿಡಿಯಿತು, ಕೊನೆಗೆ ಹೊಟ್ಟೆ ನೀರನ್ನು ಬಿಟ್ಟಿತು. ಮಗಳು ಅದು ಮರಗಳ ಮೇಲೆ ಹಾದುಹೋಗುವ ತನಕ ನೋಡಿದಳು.

ಆಮೇಲೆ ನಾವಿಬ್ಬರೂ ಓಡಿದೆವು. ಅವಳು ಎರಡು ಸಲ ನಿಂತಳು, ನಾನು ಮೂರು ಸಲ.