ಕಿಡಕಿ ಇರೋ ಖೋಲಿ

ಸಂಕ್ರಮಣದ ಕುಸುರೆಳ್ಳು ಕೊಡಾಕ ಬಂದವ್ರೆಲ್ಲ ಈ ಸಲ ಒಂದ ಮಾತು ಕೇಳಿದ್ರು, "ಹಡಗಿನ್ಯಾಗ ಹೊಂಟೀರಂತ, ಖರೇನ್ರೀ?" ಮೂಲಿಮನಿ ವೈನಿ ಅಂತೂ "ಹಿಮಾ ನೋಡಾಕ ಅಷ್ಟ ದೂರ ಯಾಕವಾ, ನಮ್ಮ ಫ್ರಿಜ್‌ನ್ಯಾಗ ಬೇಕಾದಷ್ಟ ಐತಿ, ಬಾ" ಅಂತ ನಗಿಸಿ ಹೋದ್ರು. ಒಬ್ಬೊಬ್ಬರಿಗೆ ಹೇಳಿ ಹೇಳಿ ನನಗೂ ಸಾಕಾತು. ಅದಕ್ಕ ಎಲ್ಲಾರಿಗೂ ಒಮ್ಮೆ ಇಲ್ಲೆ ಬರದ ಬಿಡತೀನಿ. ನಿಮ್ಮ ಪೈಕಿನೂ ಭಾಳ ಮಂದಿ ಮಕ್ಕಳು ಅಮೆರಿಕಾದಾಗ ಅದಾರ. ಇವತ್ತಿಲ್ಲಾ ನಾಳೆ ನಿಮ್ಮ ಮುಂದನೂ ಈ ಮಾತು ಬರತೈತಿ.

ನನ್ನ ಮಗಳು ಇರೂದು ಸಿಯಾಟಲ್ ಕಡೆ. ಹಿಂದಕ ಒಮ್ಮೆ ಆಕಿ ಬಾಣಂತನಕ್ಕ ಹೋದಾಗ ಐದು ತಿಂಗಳು ಇದ್ದು ಬಂದೆ. ಐದು ತಿಂಗಳಾಗ ನಾ ನೋಡಿದ್ದು ಕೂಸಿನ ತೊಟ್ಟಲ, ಅಡಗಿಮನಿ, ಕಿರಾಣಿ ಅಂಗಡಿ. ಅದು ಆಕಿ ಮನಸಿನ್ಯಾಗ ಉಳದಿತ್ತಂತ ಕಾಣಸ್ತೈತಿ. ಈ ಸಲ "ಅವ್ವಾ, ನೀನು ಅಪ್ಪ ಬರ್ರಿ, ಅಲಾಸ್ಕಾಕ್ಕ ಹಡಗಿನ್ಯಾಗ ಹೋಗೂಣು" ಅಂತ ಹಟಾ ಹಿಡದಾಳ.

ನಮ್ಮ ಮನಿಯವ್ರು ಮೊದಲ "ಒಲ್ಲೆ" ಅಂದ್ರು. ಕಾರಣ ನಿಮಗ ಗೊತ್ತೈತಿ. 2019ರ ಆಗಸ್ಟ್‌ದಾಗ ಘಟಪ್ರಭಾ ಉಕ್ಕಿದಾಗ ಅವ್ರು ಮುಧೋಳ ಕಡೆ ತಂಗಿ ಮನ್ಯಾಗ ಸಿಕ್ಕೊಂಡಿದ್ರು. ಬೋಟಿನ್ಯಾಗ ಹೊರಗ ಬಂದ್ರು. ಅವತ್ತಿಂದ "ಇನ್ನೊಮ್ಮೆ ಬೋಟ್ ಹತ್ತೂದಿಲ್ಲ" ಅನ್ನೂದ ಅವ್ರ ಮಾತು. ಹಡಗಂದ್ರ ಬೋಟ್ ಅಲ್ಲ, ನಮ್ಮ ಜಮಖಂಡಿ ಒಂದು ಓಣಿನ ನೀರಿನ ಮ್ಯಾಲ ತೇಲಿಸಿದಂಗ, ಒಂದೊಂದರಾಗ ಎರಡು-ಮೂರು ಸಾವಿರ ಮಂದಿ ಇರ್ತಾರ ಅಂತ ಮಗಳು ಫೋಟೊ ತೋರಿಸಿ ತೋರಿಸಿ ಒಪ್ಪಿಸಿದ್ಲು. "ಹಂಗಾರ ದಂಡಿ ಕಾಣೂವಂಗ ಹೋಗಬೇಕು, ನಡುಸಮುದ್ರ ಬ್ಯಾಡ" ಅಂತ ಇವ್ರು ಒಂದು ಕರಾರು ಹಾಕಿದ್ರು. ಆ ಕರಾರಿನಿಂದನ ನಮ್ಮ ದಾರಿ ಹುಡುಕೂದು ಸುರು ಆತು.

ಅಳಿಯಂದ್ರು ಕಂಪ್ಯೂಟರ್‌ದಾಗ ಪಟ್ಟಿ ಮಾಡಿ ಕಳಿಸಿದ್ರು. ಮೂರು ದಾರಿ ಅದಾವು. ಒಂದನೇದು, ಸಿಯಾಟಲ್‌ದಾಗ ಹತ್ತಿ ಏಳು ದಿನಕ್ಕ ಮತ್ತ ಸಿಯಾಟಲ್‌ಗೇ ಬರೂದು. ಮನಿ ಹತ್ರ, ವಿಮಾನದ ಖರ್ಚಿಲ್ಲ. ಆದ್ರ ಆ ಹಡಗು ಹೆಚ್ಚಾಗಿ ವ್ಯಾಂಕೂವರ್ ದ್ವೀಪದ ಹೊರಗಿನಿಂದ, ಬಯಲು ಸಮುದ್ರದಾಗ ಹೋಗತಾವು. ಅಲ್ಲೆ ಅಲೆ ಜಾಸ್ತಿ. ಎರಡನೇದು, ಕೆನಡಾದ ವ್ಯಾಂಕೂವರ್‌ದಾಗ ಹತ್ತಿ ಅಲ್ಲೇ ಇಳಿಯೂದು. ಇದು ದ್ವೀಪಕ್ಕೂ ದಂಡಿಗೂ ನಡುವಿನ ಸಂದ್ಯಾಗ ಹೋಗೋ ದಾರಿ. ಎಡಕ್ಕ ಗುಡ್ಡ, ಬಲಕ್ಕ ಗುಡ್ಡ, ನೀರು ಶಾಂತ. ನಡುವ ಒಂದಷ್ಟ ತಾಸು ಅಷ್ಟ ಬಯಲು ಬರತೈತಿ. ಮಗಳ ಮನಿಯಿಂದ ವ್ಯಾಂಕೂವರ್‌ಗೆ ಕಾರಿನ್ಯಾಗ ಸುಮಾರು ಮೂರು ತಾಸು, ಗಡಿಯಾಗ ಪಾಳಿ ಇದ್ರ ಜಾಸ್ತಿ. ಮೂರನೇದು, ವ್ಯಾಂಕೂವರ್‌ದಾಗ ಹತ್ತಿ ಮ್ಯಾಲೆ ಉತ್ತರಕ್ಕ ಸೀವರ್ಡ್ ಇಲ್ಲಾ ವಿಟ್ಟಿಯರ್ ಅನ್ನೋ ಬಂದರದಾಗ ಇಳದು, ಆಂಕರೇಜ್‌ದಿಂದ ವಿಮಾನ ಹಿಡಿಯೂದು. ನೋಡೂದು ಹೆಚ್ಚು, ಖರ್ಚೂ ಹೆಚ್ಚು, ಸೂಟ್‌ಕೇಸ್ ಹೊತ್ತು ತಿರಗೂದೂ ಹೆಚ್ಚು. ಇವ್ರ ಎದಿಗೆ ಸ್ಟೆಂಟ್ ಹಾಕಿ ಮೂರು ವರ್ಷ ಆತು, ನನ್ನ ಮೊಣಕಾಲು ನಿಮಗ ಗೊತ್ತ ಐತಿ. ಅದನ್ನ ಬಿಟ್ಟಿವಿ.

ಇಲ್ಲೆ ಒಂದು ಮಾತು ಲಕ್ಷ್ಯಕೊಟ್ಟು ಓದ್ರಿ. "ಸಿಯಾಟಲ್‌ದಿಂದ ಹೋದ್ರ ಕೆನಡಾ ವೀಸಾ ಬ್ಯಾಡ" ಅಂತ ಯಾರೋ ನಮಗ ಹೇಳಿದ್ರು. ಅದು ಸುಳ್ಳು. ಅಮೆರಿಕಾದಾಗ 1886ರ ಒಂದು ಕಾಯ್ದೆ ಐತಿ. ಪರದೇಶದ ಬಾವುಟದ ಹಡಗು ಅಮೆರಿಕಾದ ಬಂದರದಾಗ ಮಂದಿನ ಹತ್ತಿಸ್ಕೊಂಡು ಸುತ್ತಿ ಮತ್ತ ಅಲ್ಲೇ ಇಳಿಸಬೇಕಂದ್ರ, ನಡುವ ಬ್ಯಾರೆ ದೇಶದ ಒಂದು ಬಂದರಕ್ಕ ನಿಂತ ಬರಬೇಕು. ದೊಡ್ಡ ಹಡಗೆಲ್ಲ ಬಹುತೇಕ ಪರದೇಶದ ಬಾವುಟದ್ವು. ಅದಕ್ಕ ಸಿಯಾಟಲ್ ಹಡಗೂ ಕೆನಡಾದ ವಿಕ್ಟೋರಿಯಾದಾಗ ಒಂದು ಸಂಜಿ ನಿಲ್ಲತಾವು. ನೀವು ಕೆಳಗ ಇಳಿಯದ ಖೋಲ್ಯಾಗ ಕೂತ್ರೂ ಭಾರತದ ಪಾಸ್‌ಪೋರ್ಟಿಗೆ ಕೆನಡಾ ವೀಸಾ ಬೇಕ. ಅಮೆರಿಕಾದ ವೀಸಾನೂ ಮತ್ತ ಮತ್ತ ಒಳಗ ಬರೂವಂಥದ್ದು ಇರಬೇಕು. ವ್ಯಾಂಕೂವರ್ ದಾರಿಗೆ ಕೆನಡಾದ್ದೂ ಹಂಗ, ಯಾಕಂದ್ರ ಹೋಗುವಾಗೊಮ್ಮೆ ಬರುವಾಗೊಮ್ಮೆ ಕೆನಡಾ ಹೊಕ್ಕಂಗ ಆಗತೈತಿ. ಹೆಂಗೂ ವೀಸಾ ಬೇಕಂದ ಮ್ಯಾಲ ಶಾಂತ ನೀರಿನ ದಾರಿನ ಇರಲಿ ಅಂತ ವ್ಯಾಂಕೂವರ್ ಹಿಡದೇವಿ. ಹ್ವಾದ ವಾರ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟ ಬಂದ್ವಿ.

ವ್ಯಾಂಕೂವರ್‌ದಿಂದ ಹೋಗೂ ಹಡಗಿನ್ಯಾಗೂ ಎಲ್ಲಾ ಒಂದ ಹಿಮದ ಕಡೆ ಹೋಗೂದಿಲ್ಲ. ಜೂನೋ, ಸ್ಕ್ಯಾಗ್ವೇ, ಕೆಚಿಕಾನ್ ಅನ್ನೋ ಊರು ಬಹುತೇಕ ಎಲ್ಲಾದರಾಗೂ ಇರತಾವು. ಹಿಮದ ನದಿ ಅಷ್ಟ ಬ್ಯಾರೆ ಬ್ಯಾರೆ. ನಾ "ಯಾವುದಾದ್ರೇನು, ಹಿಮಾ ಹಿಮಾನ" ಅಂದಿದ್ದೆ. ಒಂದು ರಾತ್ರಿ ಮಗಳು ಗ್ಲೇಸಿಯರ್ ಬೇ ಕಥಿ ಹೇಳಿದ್ಲು. ಅಲ್ಲೆ ಹೂನಾ ಟ್ಲಿಂಗಿಟ್ ಅನ್ನೋ ಜನ ಇದ್ರಂತ. ಸುಮಾರು ಮೂರುನೂರು ವರ್ಷದ ಹಿಂದ ಹಿಮದ ನದಿ ಮುಂದ ಮುಂದ ಬಂದು ಅವ್ರ ಊರ ಮ್ಯಾಲ ಏರಿತು. ಅವ್ರು ಮನಿ ಬಿಟ್ಟು ದೋಣ್ಯಾಗ ಹೋಗಿ ಬ್ಯಾರೆ ಕಡೆ ಊರು ಕಟ್ಟಿದ್ರು. 1794ರಾಗ ಕ್ಯಾಪ್ಟನ್ ವ್ಯಾಂಕೂವರ್‌ನ ಮಂದಿ ಬಂದು ನೋಡಿದಾಗ ಕೊಲ್ಲಿ ಬಾಯಿತನಕ ಬರೇ ಹಿಮ. ಆಮ್ಯಾಲ ಹಿಮ ಹಿಂದ ಸರೀತಾ ಸರೀತಾ ಈಗ 100 ಕಿಲೋಮೀಟರ್ ಒಳಗ ಹೋಗೇತಿ. ಊರಿದ್ದ ಜಾಗ ಅಷ್ಟ ಅಲ್ಲ, ಸುತ್ತಲಿನ ನೆಲಾನೂ ಮೊದಲಿನಂಗ ಉಳೀಲಿಲ್ಲ. 2016ರಾಗ ಆ ಜನದ ಸಲುವಾಗಿ ಕೊಲ್ಲಿ ದಂಡಿಗೆ ಒಂದು ದೊಡ್ಡ ಕಟಗಿ ಮನಿ ಕಟ್ಯಾರಂತ.

ಇದನ್ನ ಕೇಳಿ ನನಗ ಬೀಳಗಿ ಚಿಗವ್ವ ನೆನಪಾದ್ಲು. ಆಕಿ ಊರು ಆಲಮಟ್ಟಿ ಹಿನ್ನೀರಿನ್ಯಾಗ ಹೋತು. ತೊಲಿ, ಬಾಗಲಾ, ಬಾಗಲದ ಚೌಕಟ್ಟು ಕಿತ್ಕೊಂಡು ಎತ್ತಿನ ಬಂಡ್ಯಾಗ ಹೇರ್ಕೊಂಡು ಪುನರ್ವಸತಿ ಕೇಂದ್ರಕ್ಕ ಬಂದ್ರು. ಈಗೂ ಬ್ಯಾಸಿಗ್ಯಾಗ ನೀರು ಇಳದಾಗ ಕರಕೊಂಡ ಹೋಗಿ ಕೈ ಮಾಡಿ ತೋರಸ್ತಾಳ, "ಅಲ್ಲೆ ನಮ್ಮ ಹಿತ್ತಲ, ಅಲ್ಲೆ ಬೇವಿನ ಗಿಡ". ನಮಗ ಬರೇ ಕೆಸರು ಕಾಣತೈತಿ. ನಾ ಮಗಳಿಗೆ ಅಂದೆ, "ಹೋದ್ರ ಆ ಹಿಮಕ್ಕ ಹೋಗೂಣವಾ." ಆ ಕೊಲ್ಲಿಗೆ ದಿನಕ್ಕ ಎರಡ ದೊಡ್ಡ ಹಡಗಿಗೆ ಅಷ್ಟ ಪರವಾನಗಿ. ಅದಕ್ಕ ಕೆಲವ ಕಂಪನಿ ಹಡಗು ಅಷ್ಟ ಹೋಗತಾವು. ಟಿಕೀಟ್ ಮಾಡೂ ಮುಂದ ಪಟ್ಟ್ಯಾಗ "ಗ್ಲೇಸಿಯರ್ ಬೇ" ಅಂತ ಹೆಸರು ಐತಿಲ್ಲೋ ನೋಡ್ರಿ. "ಹಿಮನದಿ ದರ್ಶನ" ಅಂತ ಅಷ್ಟ ಬರದಿದ್ರ ಯಾವುದು ಅಂತ ಕೇಳ್ರಿ. ಅಲ್ಲೆ ಹಡಗು ದಂಡಿಗೆ ಹಚ್ಚೂದಿಲ್ಲ, ಕೆಳಗ ಇಳಿಯೂದಿಲ್ಲ. ರಾಷ್ಟ್ರೀಯ ಉದ್ಯಾನದವ್ರ ಹಡಗಿಗೆ ಹತ್ತಿ ಬಂದು ವಿವರ ಹೇಳ್ತಾರ.

ಇನ್ನ ಖೋಲಿ ವಿಚಾರ. ಜಗಳ ಆಗಿದ್ದು ಇಲ್ಲೆ.

ಖೋಲಿ ಮೂರು ನಮೂನಿ. ಹಡಗಿನ ಹೊಟ್ಯಾಗ ಕಿಡಕಿ ಇಲ್ಲದ್ದು, ಗಾಜಿನ ಕಿಡಕಿ ಇದ್ದದ್ದು, ಬಾಲ್ಕನಿ ಇದ್ದದ್ದು. ಕಿಡಕಿ ಇಲ್ಲದ್ದಕ್ಕ ರೊಕ್ಕ ಎಲ್ಲಾದಕ್ಕಿಂತ ಕಡಿಮಿ. ಬಾಲ್ಕನಿದು ಅದಕ್ಕಿಂತ ದೀಡಪಟ್ಟ, ಕೆಲವೊಮ್ಮೆ ಎರಡಪಟ್ಟ. ಅಳಿಯಂದ್ರು "ಅತ್ತಿ, ಖೋಲಿ ಬರೇ ಮಲಗಾಕ ಅಷ್ಟರಿ, ದಿನಾ ಎಲ್ಲಾ ಮ್ಯಾಲೆ ಇರ್ತೀವಿ. ಒಳಗಿಂದ ತಗೊಂಡ್ರ ಉಳದ ರೊಕ್ಕದಾಗ ಸ್ಕ್ಯಾಗ್ವೇ ರೈಲ ಹತ್ತಬಹುದು" ಅಂದ್ರು. ಅವ್ರ ಮಾತೂ ಬರೋಬ್ಬರಿನ. ಆ ರೈಲದಾರಿ 1898ರಿಂದ 1900ರಾಗ ಬಂಗಾರ ಹುಡುಕಾಕ ಹೋದವ್ರ ಕಾಲದಾಗ ಗುಡ್ಡ ಕಡದು ಹಾಕಿದ್ದಂತ. ಮಗಳು ನನ್ನ ಕೇಳಿದ್ಲು, "ನಿಂಗ ಯಾವ ಖೋಲಿ ಬೇಕವ್ವಾ?" ನಾ ಯಾವಾಗಲೂ ಅನ್ನೂದನ್ನ ಅಂದೆ, "ನಿಮಗ ಹೆಂಗ ಅನಸ್ತೈತಿ ಹಂಗ, ನಂದೇನೈತಿ."

ಆಕಿಗೆ ಸಿಟ್ಟ ಬಂತು. "ಸೀರಿ ತರೂಮುಂದ ಹಿಂಗ ಅಂತಿ, ಊಟಕ್ಕ ಹೋದ್ರೂ ಹಿಂಗ ಅಂತಿ. ಆಮ್ಯಾಲ ಮನಸಿನ್ಯಾಗ ಇಟ್ಕೊಂಡು ಕೂಡ್ತಿ. ಒಮ್ಮೆರ ಬಾಯಿ ಬಿಟ್ಟ ಹೇಳವಾ" ಅಂತ ಫೋನ್ ಇಟ್ಟಬಿಟ್ಲು. ಎರಡು ದಿನ ಮಾತಿಲ್ಲ.

ಆ ಎರಡು ದಿನ ನನಗ ನಮ್ಮವ್ವನ ಚಿಂತಿನ ಹತ್ತಿತ್ತು. ನನ್ನ ತವರಮನಿ ಬನಹಟ್ಟಿ, ನೇಕಾರ ಮನಿ. ಪಾವರ್‌ಲೂಮ್ ಹಾಕೂಕಿಂತ ಮೊದಲ ನಮ್ಮ ಮನ್ಯಾಗ ಎರಡು ಕುಣಿ ಮಗ್ಗ ಇದ್ವು. ಮಗ್ಗದ ಖೋಲಿಗೆ ಕಿಡಕಿ ಇರಲಿಲ್ಲ. ಬಿಸಿಗಾಳಿ ಬಡದ್ರ ನೂಲು ಒಣಗಿ ಹರೀತೈತಿ ಅಂತ ಅಪ್ಪ ಇಡಿಸಿರಲಿಲ್ಲ. ಮಾಳಗಿ ಮ್ಯಾಲ ಒಂದ ಬೆಳಕಿಂಡಿ, ಅಷ್ಟ. ಅವ್ವ ಅಡಗಿ ಮುಗಿಸಿ ಆ ಖೋಲ್ಯಾಗ ಕೂತಳಂದ್ರ ದೀಪ ಹಚ್ಚೂತನಕ ಕಂಡಿಕಿ ಸುತ್ತೂದು. ಹೊರಗ ಮಳಿ ಬಂದ್ರ "ಮಳಿ ಹತ್ತೇತೇನ?" ಅಂತ ನಮ್ಮನ್ನ ಕೇಳತಿದ್ಲು. ಕಾರ ಹುಣ್ಣಿವಿಗೆ ಎತ್ತು ಓಣ್ಯಾಗ ಹೋದ್ರ ಗೆಜ್ಜಿ ಸಪ್ಪಳದ ಮ್ಯಾಲ "ಇವು ಯಾರವು" ಅಂತ ಹೇಳತಿದ್ಲು. ನಮ್ಮನಿ ಸೀರಿ ಮಹಾರಾಷ್ಟ್ರದತನಕ ಹೋಗತಿದ್ವು. ಆಕಿ ಹೋಗಿದ್ದು ಹೆಚ್ಚಂದ್ರ ಮಹಾಲಿಂಗಪುರ ಜಾತ್ರಿಗೆ. "ಅವ್ವಾ, ನಿಂಗೇನ ಬೇಕು" ಅಂತ ನಾವೂ ಯಾವತ್ತೂ ಕೇಳಲಿಲ್ಲ. ಕೇಳಿದ್ರ ಆಕಿನೂ "ನಂದೇನೈತಿ" ಅಂತಿದ್ಲು ಬಿಡ್ರಿ.

ಮೂರನೇ ದಿನ ನಾನ ಫೋನ್ ಹಚ್ಚಿದೆ. "ಬಾಲ್ಕನಿ ಬ್ಯಾಡ. ಕಿಡಕಿ ಇರೋ ಖೋಲಿ ಬೇಕು. ಕಿಡಕಿ ಇಲ್ಲದ ಖೋಲ್ಯಾಗ ನಾ ಮಲಗೂದಿಲ್ಲ. ಜಾಸ್ತಿ ಆಗೂ ರೊಕ್ಕ ನನ್ನ ಬಿಶಿದು ಐತಿ, ಅದನ್ನ ನಾ ಕೊಡಾಕಿ" ಅಂದೆ. ಆಕಿ ಮೊದಲ "ರೊಕ್ಕದ್ದು ಯಾಕ ತಗೀತಿ" ಅಂದ್ಲು. ನಾ ಅಜ್ಜಿ ಮಗ್ಗದ ಖೋಲಿ ವಿಚಾರ ಹೇಳಿದೆ. ಆಕಿಗೆ ಅದು ಗೊತ್ತ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು "ಆತವ್ವ, ನಿನ್ನ ರೊಕ್ಕದಾಗನ ಕಿಡಕಿ ತಗೋ" ಅಂದ್ಲು. ಎಂಟು ವರ್ಷದಿಂದ ನಮ್ಮ ಓಣಿ ಬಿಶ್ಯಾಗ ತುಂಬಿದ್ದ ರೊಕ್ಕಕ್ಕ ಈಗ ಒಂದು ಕೆಲಸ ಬಂತು.

ನೀವು ಖೋಲಿ ಹಿಡಿಯೂಮುಂದ ಇಷ್ಟ ನೋಡ್ರಿ. ಕೆಳಗಿನ ಅಂತಸ್ತು, ಹಡಗಿನ ನಟ್ಟನಡುವ ಇದ್ರ ತೂಗೂದು ಕಡಿಮಿ. ತೊಟ್ಟಲ ಹಗ್ಗದ ಹತ್ರ ತೂಗಾಟ ಕಡಿಮಿ, ಅಂಚಿಗೆ ಜಾಸ್ತಿ ಇರತೈತಲ್ಲ, ಹಂಗ. ಕುಣಿಯೂ ಹಾಲ್‌ನ ಕೆಳಗಿನ ಖೋಲಿ ಬ್ಯಾಡ, ರಾತ್ರಿಯೆಲ್ಲ ಸಪ್ಪಳ. ಕೆಲವ ಕಿಡಕಿ ಮುಂದ ಜೀವರಕ್ಷಣಾ ದೋಣಿ ತೂಗ ಹಾಕಿರ್ತಾರ, ಅವು ಸೋವಿ ಸಿಗತಾವು, ಆದ್ರ ಬರೇ ದೋಣಿ ನೋಡ್ಕೋತ ಕೂಡಬೇಕು. "ಯಾವ ಖೋಲಿ ಅಂತ ಕಂಪನಿನ ಆರಸ್ತೈತಿ" ಅನ್ನೋ ಸೋವಿ ಟಿಕೀಟ್ ವಯಸ್ಸಾದವ್ರಿಗೆ ಬ್ಯಾಡ. ಎಡದ ಬಾಜು, ಬಲದ ಬಾಜು ಅಂತ ನಾವು ಭಾಳ ತಲಿ ಕೆಡಿಸ್ಕೊಂಡ್ವಿ. ಒಂದ ಕಡೆ ಹೋಗಿ ಇಳಿಯೂ ಪ್ರವಾಸ ಇದ್ರ ಉತ್ತರಕ್ಕ ಹೋಗುವಾಗ ಬಲದ್ದು ಛಲೋ. ಹೋಗಿ ಬರೂದಾದ್ರ ಎರಡೂ ಒಂದ. ಹಿಮದ ಮುಂದ ಹಡಗಿನ ನಿಧಾನಕ ತಿರುವಿ ಎರಡೂ ಬಾಜುದವ್ರಿಗೆ ತೋರಸ್ತಾರ.

ಹಡಗು ಹೋಗೂದು ಹೆಚ್ಚಾಗಿ ಮೇದಿಂದ ಸೆಪ್ಟೆಂಬರ್ ತನಕ ಅಷ್ಟ. ಮೇದಾಗ ಮಳಿ ಕಡಿಮಿ, ದರಾನೂ ಕಡಿಮಿ. ನಾವು ಮೇ ಕಡೀ ವಾರ ಹಿಡದೇವಿ. ನಮ್ಮ ಕಡೆ ವರ್ಷಕ್ಕ ಆರನೂರು ಮಿಲಿಮೀಟರ್ ಆಸುಪಾಸು ಮಳಿ ಬಂದ್ರ ಹೆಚ್ಚು, ಕೆಚಿಕಾನ್‌ದಾಗ ಮೂರೂವರೆ ಸಾವಿರಕ್ಕೂ ಜಾಸ್ತಿ! ಛತ್ರಿ ಮರೀಬ್ಯಾಡ್ರಿ. ಜೂನೋದಾಗ ಜೂನ್ ತಿಂಗಳ ಸೂರ್ಯ ಮುಳುಗೂದು ರಾತ್ರಿ ಹತ್ತಕ್ಕ, ಹುಟ್ಟೂದು ನಸುಕಿನ ನಾಕಕ್ಕ. ನನ್ನ ಕಿಡಕಿಗೆ ಬೆಳಕಿನ ಬರಾ ಇಲ್ಲ.

ಮನ್ಯಾಗ ಮಾಡಿದ ಅಡಗಿ ಹಡಗಿನ್ಯಾಗ ಹೆಚ್ಚಾಗಿ ಒಯ್ಯಾಕ ಬಿಡೂದಿಲ್ಲ. ಸೀಲ್ ಮಾಡಿದ ಪಾಕೀಟ್ ನಡೀತೈತಂತ. ಅದಕ್ಕ ಅಂಗಡಿಯಾಗ ಪ್ಯಾಕ್ ಮಾಡಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಗೊಂಡ ಹೊಂಟೀನಿ. ಶಾಕಾಹಾರ ಅಂತ ಟಿಕೀಟ್ ಮಾಡೂಮುಂದನ ಬರಸಬೇಕು. ಇವ್ರ ಗುಳಿಗಿ ಎಲ್ಲಾ ಕೈಚೀಲದಾಗ, ಯಾಕಂದ್ರ ಸೂಟ್‌ಕೇಸ್ ಖೋಲಿಗೆ ಬರೂದು ತಡಾ ಆಗತೈತಿ. ಮೊದಲಿಂದ ಇದ್ದ ಜಡ್ಡಿಗೂ ನಡಿಯೂವಂಥ ವಿಮಾ ಮಾಡಸ್ರಿ. ಹಡಗಿನ್ಯಾಗ ಡಾಕ್ಟರ್ ಇರ್ತಾರ, ಆದ್ರ ಬಿಲ್ ಡಾಲರ್‌ದಾಗ ಇರತೈತಿ.

ಕೆನಡಾ ವೀಸಾ ಇನ್ನೂ ಬಂದಿಲ್ಲ. ಬರಲಿಲ್ಲಂದ್ರ ಇದೆಲ್ಲಾ ಹಿಂಗ ಉಳೀತೈತಿ, ರೊಕ್ಕ ವಾಪಸ್ ಬರೂವಂಥ ಟಿಕೀಟ್ ಮಾಡ್ಯಾರ. ನಮ್ಮ ಮನಿಯವ್ರು ದಿನಾ ಮುಂಜಾನೆ ಚಾ ಕುಡಿಯೂಮುಂದ "ಬಂತೇನ?" ಅಂತ ಕೇಳತಾರ. ಬೋಟ್ ಹತ್ತೂದಿಲ್ಲ ಅಂದವ್ರು ಇವ್ರ ಏನು ಅಂತ ನಾ ನಗತೀನಿ. ಹೋಗಿ ಬಂದ್ರ ಮತ್ತ ಬರೀತೀನಿ. ಅಲ್ಲೀತನಕ ನಿಮ್ಮ ಮಕ್ಕಳು "ನಿಂಗೇನ ಬೇಕು" ಅಂತ ಕೇಳಿದ್ರ, ದಯಮಾಡಿ "ನಂದೇನೈತಿ" ಅನಬ್ಯಾಡ್ರೆವಾ.