ತಾತನ ಎದೆಯ ಧೂಳು

2001ರ ಫೆಬ್ರವರಿ 28ರಂದು ಚಿನ್ನದ ಗಣಿ ಮುಚ್ಚಿತು. ಕಲ್ಲು ಕೊರೆದ ಧೂಳು ಮಾತ್ರ ಊರಿಗಾಂ ಲೈನುಮನೆಗಳ ಎದೆಗಳಲ್ಲಿ ಇನ್ನೂ ಕೂತಿದೆ. ನಮ್ಮ ತಾತನ ಎದೆಯಲ್ಲೂ. ಕಕ್ಕಸಿಗೆ ನಾಲ್ಕು ಹೆಜ್ಜೆ ನಡೆದರೆ ತಿದಿಯಂತೆ ಏದುತ್ತಾನೆ; ಅಜ್ಜಿ ಬೆನ್ನು ನೀವುತ್ತಾಳೆ.

ಅಂಗವಿಕಲರ ಸರ್ಟಿಫಿಕೇಟು ಕೇಳಿದರೆ ಗುಮಾಸ್ತ, ‘ಕೈಕಾಲು ನೆಟ್ಟಗೈತಲ್ಲಪ್ಪಾ’ ಅಂದ. ಸುಳ್ಳೇನಲ್ಲ. 2016ರ ಕಾಯ್ದೆಯ 21 ವೈಕಲ್ಯಗಳಲ್ಲಿ ಸಿಲಿಕೋಸಿಸ್ ಇಲ್ಲ.

ದುಡಿಯುವವರೆಲ್ಲ ಮುಂಜಾನೆ ಬೆಂಗಳೂರಿನ ರೈಲು ಹತ್ತುತ್ತಾರೆ. ಹಗಲೆಲ್ಲ ಮುದುಕನಿಗೆ ಮುದುಕಿಯೇ ಕಾವಲು. ಅವಳೂ ಬಿದ್ದ ದಿನ ನೀರು ಕೊಡೋರ್ಯಾರು? ಮುಂದಿನ ಯೋಜನೆ ಬರೆಯುವ ದೊಡ್ಡವರು ಲೈನಿಗೊಬ್ಬ ಸಂಬಳದ ಆರೈಕೆಯವರನ್ನು, ಮನೆಬಾಗಿಲಿಗೆ ಆಮ್ಲಜನಕವನ್ನು ಮೊದಲು ಬರೆಯಲಿ. ಪಟ್ಟಿಗೆ ಬೇರೆ ವೈಕಲ್ಯ ಸೇರಿಸುವ ಅಧಿಕಾರವನ್ನು ಅದೇ ಕಾಯ್ದೆ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಅರ್ಜಿ ಬರೆದಿದ್ದೇನೆ, ಲೈನಿನ ಹೆಬ್ಬೆಟ್ಟುಗಳು ಬೀಳುತ್ತಿವೆ.